ಬೆಂಚಿನಡಿಯ ಚೂರು ನೋಡಿ ಶಾಲೆ ಆರಿಸಿದವನು

ಅವನನ್ನು ಎಲ್ಲರೂ ಪಂಪು ಅಂತಲೇ ಕರೆಯುತ್ತಾರೆ. ಬೆನ್ನಿಗೆ ಔಷಧಿಯ ಪಂಪು ಕಟ್ಟಿಕೊಂಡು ಓಡಾಡುವ ಮನುಷ್ಯನಿಗೆ ಇನ್ನೇನು ಹೆಸರಿಟ್ಟಾರು? ಜಿರಳೆ, ಇಲಿ, ತಿಗಣೆ, ಇರುವೆ, ಗೆದ್ದಲು, ಹೀಗೆ ಜನ ಕಂಡ ಕೂಡಲೇ ಮುಖ ಸಿಂಡರಿಸುವ ಸಕಲ ಜೀವರಾಶಿಯೂ ಅವನ ಅನ್ನ. ಹೋಟೆಲು, ಆಸ್ಪತ್ರೆ, ಗೋದಾಮು, ಶಾಲೆ, ಯಾವುದರ ಮುಂಬಾಗಿಲೂ ಅವನಿಗೆ ಗೊತ್ತಿಲ್ಲ. ಹಿಂಬಾಗಿಲುಗಳೆಲ್ಲ ಬಾಯಿಪಾಠ. ಕರೆಸಿದವರು ಆಡುವ ಮೊದಲ ಮಾತು ಎಲ್ಲ ಕಡೆಯೂ ಒಂದೇ: "ನಮ್ಮಲ್ಲಿ ಅಂಥಾದ್ದೇನೂ ಇಲ್ಲಪ್ಪ, ಸುಮ್ನೆ ಇರ್ಲಿ ಅಂತ ಕರೆಸಿದ್ವಿ." ಆಮೇಲೆ ಇವನು ಅಡುಗೆಮನೆಯ ಕಪಾಟು ಎಳೆದರೆ ಸಾಕು, ಹಿಂದಿನಿಂದ ಮೆರವಣಿಗೆ ಹೊರಡುತ್ತದೆ. ನಮ್ಮ ಮೆರವಣಿಗೆಗಳಿಗೂ ಅಷ್ಟು ಜನ ಸೇರಿದ್ದಿಲ್ಲ.

ನಮಗೂ ಅವನಿಗೂ ಪರಿಚಯವಾದದ್ದೇ ಜಿರಳೆಗಳ ದೆಸೆಯಿಂದ. ನಮ್ಮ ಸಂಘಟನೆಯ ಕೋಣೆಯಲ್ಲಿ ಹಳೆಯ ಪೋಸ್ಟರುಗಳ ಕಟ್ಟು ರಾಶಿ ಬಿದ್ದಿತ್ತು. ಔಷಧಿ ಹೊಡೆಯಲು ಬಂದವನು ಒಂದು ಕಟ್ಟು ಬಿಚ್ಚಿ, ತೂತು ತೂತಾಗಿದ್ದ ಹಾಳೆಯನ್ನು ಬೆಳಕಿಗೆ ಹಿಡಿದು, "ಅಣ್ಣಾ, ಗೋಂದಿಗೆ ಏನ್ ಹಾಕ್ತೀರಿ? ಜಿರಳೆಗಳು ನಿಮ್ಮ ಬೇಡಿಕೆನೆಲ್ಲ ತಿಂದು ಮುಗಿಸಿವೆ. ಸರ್ಕಾರಕ್ಕಿಂತ ಇವೇ ವಾಸಿ ಬಿಡಿ, ಒಂದನ್ನೂ ಬಿಡದ ಹಾಗೆ ನೋಡಿವೆ" ಅಂದ. ಆವತ್ತಿನಿಂದ ಅವನು ನಮ್ಮವನಾದ. ಧರಣಿ ಇದ್ದಾಗ ಬಂದು ಮೂಲೆಯಲ್ಲಿ ಕೂರುತ್ತಿದ್ದ. ಘೋಷಣೆ ಕೂಗುತ್ತಿರಲಿಲ್ಲ. ಔಷಧಿಯ ಘಾಟಿಗೆ ಗಂಟಲು ಯಾವಾಗಲೋ ಸೊರಗಿತ್ತು.

ಅವನ ಹೆಂಡತಿ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆಗೆ ಇಸ್ತ್ರಿ ಮಾಡುವವಳು. ಕೆಲಸದಿಂದ ಬರುವಾಗ ಅವಳ ಮುಖ ಬೇಯಿಸಿದ ಹಾಗೆ ಕೆಂಪಗಿರುತ್ತದೆ. ಮನೆಯಲ್ಲಿ ಅವಳ ತಾಯಿ, ಅಂದರೆ ಪಂಪುವಿನ ಅತ್ತೆ ಇದ್ದಾಳೆ. ಮೊಣಕಾಲು ಹಿಡಿದುಕೊಂಡಿದೆ, ನಾಲಿಗೆ ಮಾತ್ರ ಇನ್ನೂ ಓಡಾಡುತ್ತದೆ. ಮತ್ತೆ ಒಬ್ಬಳೇ ಮಗಳು, ಮುಂದಿನ ಹಲ್ಲು ಬಿದ್ದ ವಯಸ್ಸು.

ಈ ಮಗಳದೇ ಸಮಸ್ಯೆ. ಮನೆಯಲ್ಲಿ ಅವಳ ಬಾಯಿಗೆ ಬೀಗವಿಲ್ಲ. ಅಜ್ಜಿಯ ಜೊತೆ ಸರಿಸಮ ಜಗಳ. ಓಣಿಯ ಹುಡುಗರ ಜೊತೆ ಚೆಂಡಾಡಲು ನಿಂತರೆ ಅವರ ಏಳು ತಲೆಮಾರನ್ನೂ ಕೆದಕಿ ಬರುತ್ತಾಳೆ. ಆದರೆ ಶಾಲೆಯ ಗೇಟು ದಾಟಿದರೆ ಮುಗಿಯಿತು, ತುಟಿ ಹೊಲಿದ ಹಾಗೆ. ಹತ್ತಿರದ ಬೀದಿಯ ಹುಡುಗಿಯರ ಶಾಲೆಗೆ ಹಾಕಿದ್ದರು. ಅಲ್ಲಿ ಮೊದಲ ದಿನದಿಂದ ಕಲಿಸಿದ್ದು ಒಂದೇ ಪಾಠ, ಬಾಯಿ ಮೇಲೆ ಬೆರಳು. ಇವಳು ಆ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ ಬೆರಳು ತೆಗೆದ ಮೇಲೂ ಬಾಯಿ ತೆರೆಯಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು, ದನಿಯಿಲ್ಲ. ಮಗುವಿಗೆ ಕಿವಿ ಕೇಳಿಸುತ್ತದೋ ಇಲ್ಲವೋ ಪರೀಕ್ಷೆ ಮಾಡಿಸಿ ಅಂತ ಟೀಚರು ಹೇಳಿ ಕಳಿಸಿದ್ದಳು.

ಒಂದು ದಿನ ಒಂದಕ್ಕೆ ಹೋಗಬೇಕು ಅಂತ ಕೇಳಲೂ ಆಗದೆ ಕೂತಲ್ಲೇ ಮಾಡಿಕೊಂಡಳು. ಟೀಚರಿಗೆ ಗೊತ್ತಾಯಿತು. ಬಟ್ಟೆ ಬದಲಿಸಲಿಲ್ಲ, ಮನೆಗೆ ಕಳಿಸಲಿಲ್ಲ. "ಕೇಳಿದ್ದಿದ್ರೆ ಬಿಡ್ತಿದ್ದೆ, ಕೇಳಿಲ್ಲ ಅಲ್ವಾ, ಕೂತ್ಕೋ" ಅಂದಳಂತೆ. ಕೊನೆಯ ಗಂಟೆಯವರೆಗೂ ಹಸಿ ಲಂಗದಲ್ಲೇ ಕೂರಿಸಿದರು. ಸಂಜೆ ಪಂಪು ಮಗಳನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ತೊಳೆಯುವಾಗ ತೊಡೆಯೆಲ್ಲ ಕೆಂಪಾಗಿ ಸುಲಿದಿತ್ತು. ಸತ್ತು ಊದಿದ ಇಲಿಯನ್ನು ಬಾಲ ಹಿಡಿದು ಎತ್ತುವ ಮನುಷ್ಯ, ಆ ಒದ್ದೆ ಲಂಗವನ್ನು ಕೈಯಲ್ಲಿ ಹಿಡಿದು ಎಲ್ಲಿಡುವುದೆಂದು ತಿಳಿಯದೆ ಬಹಳ ಹೊತ್ತು ನಿಂತಿದ್ದ. ಮಾರನೆಯ ದಿನ ಮಗಳ ಹೆಸರು ತೆಗೆಸಿಕೊಂಡು ಬಂದ.

ಈಗ ಬೇರೆ ಶಾಲೆ ಬೇಕು. ಬೀದಿಯ ಕೊನೆಯಲ್ಲಿ ಒಂದು ಬಿಟ್ಟಿ ಶಾಲೆ ಇತ್ತು, ಮಕ್ಕಳು ಸಾಲದು ಅಂತ ಮುಚ್ಚಿದರು. ನಾವು ಗೇಟಿನ ಮುಂದೆ ಕೂತು ಗಂಟಲು ಹರಿದುಕೊಂಡೆವು. ಗಂಟಲು ಹರಿಯಿತು, ಶಾಲೆ ಉಳಿಯಲಿಲ್ಲ. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಉಳಿದದ್ದೆಲ್ಲ ಖಾಸಗಿಯವರ ಅಂಗಡಿಗಳು. ಅದರಲ್ಲೇ ಒಂದನ್ನು ಆರಿಸಬೇಕು.

"ಹಾಸ್ಟೆಲ್ ಇರೋ ಶಾಲೆಗೆ ಹಾಕಿ ಅಳಿಯಂದ್ರೇ. ಹಸಿವಾದ್ರೆ ಬಾಯಿ ತಾನಾಗೇ ಬರುತ್ತೆ" ಅಂದಳು ಅತ್ತೆ.

"ಸುಮ್ನಿರಮ್ಮ. ಹಗಲೆಲ್ಲ ಕಟ್ಕೊಂಡಿದ್ದನ್ನ ಸಂಜೆ ಬಂದು ನಮ್ಮ ಹತ್ರ ಬಿಚ್ತಾಳೆ. ಅದೂ ಬೇಡ್ವಾ?" ಅಂದಳು ಹೆಂಡತಿ. "ಸಂಜೆ ಮನೆಗೆ ಬರೋ ಶಾಲೆನೇ ಆಗ್ಬೇಕು. ಆಮೇಲೆ ಹುಡುಗ್ರೂ ಇರ್ಬೇಕು ರೀ. ಇವಳ ಬಾಯಿ ತೆಗೆಸೋದು ಓಣಿ ಹುಡುಗ್ರೇ. ಅವರನ್ನ ಬೈಯೋಕಾದ್ರೂ ಮಾತಾಡ್ತಾಳೆ."

"ಬೈಯೋಕೆ ಒಬ್ಬ ಗಂಡಸು ಬೇಕು ಅನ್ನೋದು ನಿಜ ಕಣೆ. ನಿನ್ನ ಗಂಡ ಬಂದ್ಮೇಲೆ ನಂಗೂ ಆರೋಗ್ಯ ಸುಧಾರಿಸ್ತು" ಅಂದಳು ಅತ್ತೆ.

ಹಾಗೆ ಶುರುವಾಯಿತು ಹುಡುಕಾಟ. ಮೊದಲನೆಯ ಶಾಲೆಯ ಬಾಗಿಲಲ್ಲಿ ಕಾರಂಜಿ, ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಬಣ್ಣದ ಮೀನು, ನೆಲದ ಮೇಲೆ ಪ್ಲಾಸ್ಟಿಕ್ ಹುಲ್ಲು. ಗೋಡೆ ತುಂಬ ನಗುವ ಮಕ್ಕಳ ಫೋಟೊ. ಅಷ್ಟು ಬಿಳಿ ಹಲ್ಲು ಇರುವ ಮಕ್ಕಳನ್ನು ಪಂಪು ಟೂತ್‌ಪೇಸ್ಟಿನ ಡಬ್ಬಿಯ ಮೇಲೆ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಗಾಳಿಗೆ ಹೂವಿನ ವಾಸನೆ ಹೊಡೆದಿದ್ದರು. ಇವನ ಮೂಗಿಗೆ ಅದರಡಿಯ ಮೋರಿಯ ವಾಸನೆಯೂ ಬಂತು. ಪ್ರಿನ್ಸಿಪಾಲರು ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮಗುವನ್ನು ಬಿಟ್ಟು ಅವರಿಗೇ ಪರೀಕ್ಷೆ ಶುರುಮಾಡಿದರು.

"ತಾವು ಏನು ಕೆಲಸದಲ್ಲಿದ್ದೀರಿ?"

"ಔಷಧಿ ಕೆಲಸ ಸಾರ್."

"ಓ! ಬಹಳ ಒಳ್ಳೆಯದು. ಯಾವ ಕಂಪನಿ? ಆರಾಮವಾಗಿ ಕೂತ್ಕೊಳ್ಳಿ, ಕಾಫಿ ಹೇಳ್ಲಾ?"

"ಜಿರಳೆ ಔಷಧಿ ಸಾರ್. ನಿಮ್ಮ ಕ್ಯಾಂಟೀನಿಗೂ ನಾನೇ ಬರೋದು. ಹಿಂದ್ಗಡೆಯಿಂದ."

ಪ್ರಿನ್ಸಿಪಾಲರು ಎರಡೂ ಪಾದವನ್ನು ನೆಲದಿಂದ ಕೊಂಚ ಎತ್ತಿಕೊಂಡರಂತೆ, ಇವನ ಪ್ಯಾಂಟಿನಿಂದ ಏನಾದರೂ ಇಳಿದು ಬಂದೀತು ಅಂತ. ಕಾಫಿ ಬರಲೇ ಇಲ್ಲ. ಸೀಟು ಭರ್ತಿಯಾಗಿದೆ ಅನ್ನುವ ಸುದ್ದಿ ಮಾತ್ರ ಬಂತು.

ಎರಡನೆಯದರಲ್ಲಿ ಒಬ್ಬ ಹೆಂಗಸು ಕಟ್ಟಡವನ್ನೆಲ್ಲ ತೋರಿಸಿದಳು. ಹುಡುಗರಿಗೊಂದು ಮೆಟ್ಟಿಲು, ಹುಡುಗಿಯರಿಗೊಂದು ಮೆಟ್ಟಿಲು. ಆಟದ ಬಯಲಿನ ನಡುವೆ ತಗಡಿನ ಬೇಲಿ. "ನಮ್ಮದು ಕೋ-ಎಡ್ ಶಾಲೆನೇ. ಆದ್ರೆ ನೀವು ಹೆದರೋ ಹಾಗಿಲ್ಲ, ಒಬ್ರಿಗೊಬ್ರು ಕಾಣ್ಸೋದೇ ಇಲ್ಲ" ಅಂತ ಅವಳು ಹೆಮ್ಮೆಯಿಂದ ಹೇಳಿದಳು.

"ಹಾಗಾದ್ರೆ ಒಂದೇ ಕಾಂಪೌಂಡೊಳಗೆ ಯಾಕೆ ಇಟ್ಕೊಂಡಿದೀರಿ ಮೇಡಂ?" ಅಂತ ಪಂಪುವಿನ ಹೆಂಡತಿ ಕೇಳಿದಳು.

"ಈಗ ಕೋ-ಎಡ್‌ಗೆ ಡಿಮ್ಯಾಂಡ್ ಇದೆಯಲ್ಲಮ್ಮ."

ಥೂ. ಬೋರ್ಡಿಗೆ ಒಂದು, ಒಳಗೆ ಇನ್ನೊಂದು. ಹೆದರುವ ತಾಯಿತಂದೆಗೂ ಮಾಲು, ಹೆದರದವರಿಗೂ ಮಾಲು. ಮಕ್ಕಳು ಪರಸ್ಪರ ಮುಖ ನೋಡಿದರೆ ಏನೋ ಹರಡುತ್ತದೆ ಅನ್ನುವ ಹಾಗೆ ತಗಡು ಹೊಡೆದವರ ತಲೆಯೊಳಗೆ ಎಂಥ ಕೊಚ್ಚೆ ಇದ್ದಿರಬೇಕು!

ಇಷ್ಟು ಸುತ್ತಿದ ಮೇಲೆ ಪಂಪುವಿಗೆ ಶಾಲೆಗಳ ಮುಂಬಾಗಿಲಿನ ಮೇಲೆ ನಂಬಿಕೆ ಹೋಯಿತು. ನಮ್ಮ ಕೋಣೆಗೆ ಬಂದು ಬೆಂಚಿನ ಮೇಲೆ ಕಾಲು ಚಾಚಿ ಕೂತು ಒಂದು ಸಿದ್ಧಾಂತ ಬಿಚ್ಚಿದ.

"ಅಣ್ಣಾ, ಇವರು ಬಾಯಲ್ಲಿ ಹೇಳೋದು ಕೇಳಿ ಪ್ರಯೋಜನ ಇಲ್ಲ. ನಾನು ನನ್ನ ದಾರಿಲೇ ನೋಡ್ತೀನಿ. ಮಾತಾಡ್ತಾ ತಿನ್ನೋರ ಬಾಯಿಂದ ಚೂರು ಬೀಳುತ್ತೆ. ಬಾಯಿ ಮುಚ್ಕೊಂಡು ತಿನ್ನೋರಿಂದ ಬೀಳಲ್ಲ. ಆಸ್ಪತ್ರೆ ಊಟದ ಹಾಲ್ ನೋಡಿ, ನೆಲ ಕನ್ನಡಿ. ಅಲ್ಲಿ ಯಾರಿಗೂ ಮಾತು ಬೇಕಿಲ್ಲ. ಅದೇ ಮದುವೆ ಹಾಲ್ ನೋಡಿ, ಕುರ್ಚಿ ಕೆಳಗೆ ಇನ್ನೊಂದು ಊಟ ಆಗುವಷ್ಟು ಬಿದ್ದಿರುತ್ತೆ."

"ಅದಕ್ಕೆ?"

"ಅದಕ್ಕೆ, ಯಾವ ಶಾಲೆಲಿ ಮಕ್ಕಳ ಬೆಂಚಿನ ಕೆಳಗೆ ಚೂರು ಬಿದ್ದಿದ್ಯೋ ಅಲ್ಲಿ ಮಕ್ಕಳು ಬಾಯಿ ಬಿಡ್ತಾರೆ. ನನ್ನ ಮಗಳೂ ಬಿಡ್ತಾಳೆ."

ನನಗೂ ಸರಿ ಅನ್ನಿಸಿತು. ಶಾಲೆಗಳವರು ಅಚ್ಚು ಹಾಕಿಸಿ ಹಂಚುವ ಹೊಗಳಿಕೆಗಿಂತ ಇರುವೆಯ ಸಾಲು ಹೆಚ್ಚು ನಂಬಿಕಸ್ಥ ಅನ್ನುವುದರಲ್ಲಿ ಇವತ್ತಿಗೂ ನನಗೆ ಅನುಮಾನವಿಲ್ಲ.

ಶಾಲೆಗಳಿಗೆ ಔಷಧಿ ಹೊಡೆಯುವುದು ರಜೆಯ ದಿನಗಳಲ್ಲಿ. ಮಕ್ಕಳಿರುವಾಗ ಹೊಡೆಯುವ ಹಾಗಿಲ್ಲ. ಹಾಗೊಂದು ರಜೆಯ ದಿನ ಅವನಿಗೆ ಒಂದು ನಡುಮಟ್ಟದ ಶಾಲೆಯಿಂದ ಕರೆ ಬಂತು. ಕಾರಂಜಿ ಇಲ್ಲ, ಮೀನಿಲ್ಲ, ತಗಡಿನ ಬೇಲಿಯೂ ಇಲ್ಲ. ಊಟದ ಹಾಲಿಗೆ ಬೀಗ ಹಾಕಿತ್ತು. ಅಲ್ಲಿ ಬೇಡ, ತರಗತಿಗಳಿಗೆ ಹೊಡೆದರೆ ಸಾಕು ಅಂದಿದ್ದರು. ಇವನು ಮೊಣಕಾಲೂರಿ ಮೊದಲನೆಯ ತರಗತಿಯ ಬೆಂಚಿನ ಕೆಳಗೆ ಟಾರ್ಚು ಬಿಟ್ಟ.

ಬ್ರೆಡ್ಡಿನ ಪುಡಿ, ಬಿಸ್ಕತ್ತಿನ ಚೂರು, ಮೊಟ್ಟೆಯ ಹಳದಿ, ಜಜ್ಜಿಹೋದ ಬಾಳೆಹಣ್ಣು. ಹುಡುಗರ ಬೆಂಚು, ಹುಡುಗಿಯರ ಬೆಂಚು ಅನ್ನುವ ಭೇದವಿಲ್ಲದೆ ಇರುವೆಗಳ ಸಾಲು ಗೋಡೆಯಿಂದ ಗೋಡೆಗೆ ಹೊರಟಿತ್ತು. ಪಕ್ಕದ ತರಗತಿಯಲ್ಲೂ ಅದೇ ಕತೆ. ಹಾಲಿಗೆ ಬೀಗ ಹಾಕಿ ಮಕ್ಕಳನ್ನು ಮನಸ್ಸು ಬಂದಲ್ಲಿ ತಿನ್ನಲು ಬಿಟ್ಟಿದ್ದಾರೆ ಅಂತ ಇವನು ಅರ್ಥಮಾಡಿಕೊಂಡ. ಪಂಪು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತು ಹೆಂಡತಿಗೆ ಫೋನು ಮಾಡಿದ.

"ಏನ್ರೀ, ಯಾಕೆ ಹೀಗೆ ಏದುಸಿರು? ಬಿದ್ರಾ?"

"ಇಲ್ವೇ! ಸಿಕ್ತು ಕಣೆ. ಏನ್ ಗಲೀಜು ಅಂತೀಯ! ನೀನು ನೋಡಿದ್ರೆ ಕಣ್ಣೀರು ಹಾಕ್ತೀಯ, ಅಷ್ಟು ಗಲೀಜು!"

ಸೇರಿಸುವುದೂ ಸುಲಭವಾಯಿತು. ಈ ಶಾಲೆಯ ಪ್ರಿನ್ಸಿಪಾಲು ಹೆಂಗಸು, ಸೀರೆಗೆ ಗಂಜಿ, ಮಾತಿಗೂ ಗಂಜಿ. ಪಂಪುವಿನ ಕಸುಬು ಕೇಳಿ ಪಾದ ಎತ್ತಿಕೊಳ್ಳಲಿಲ್ಲ. "ನೀವು ನಮ್ಮ ಕೆಲಸದವರೇ ಅಲ್ವಾ, ಸರಿ" ಅಂದಳು. ಮಗಳನ್ನು ಹೆಸರೇನು ಅಂತ ಕೇಳಿದಳು. ಮಗಳು ಬಾಯಿ ಬಿಡಲಿಲ್ಲ. ಪಂಪು ಬೆವರಿದ. ಪ್ರಿನ್ಸಿಪಾಲು ಮಾತ್ರ ನಕ್ಕಳು. "ಪರವಾಗಿಲ್ಲ ಬಿಡಿ. ನಮಗೆ ಇಂಥ ಮಕ್ಕಳೇ ಬೇಕು."

ಗಂಡ ಇಳಿಜಾರಿನಲ್ಲಿ ಸೈಕಲ್ ಬಿಟ್ಟವನ ಹಾಗೆ ಮನೆಗೆ ಬಂದ. ಹೆಂಡತಿಗೆ ಆ ಕೊನೆಯ ಮಾತು ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. "ಇಂಥ ಮಕ್ಕಳು ಅಂದ್ರೆ ಎಂಥ ಮಕ್ಕಳು ರೀ?" ಅಂತ ಅವಳು ಕೇಳುತ್ತಲೇ ಇದ್ದಳು.

"ಒಳ್ಳೆ ಮಕ್ಕಳು ಅಂತ ಕಣೆ. ನೀನೊಬ್ಳು."

ಮಗಳು ಹೋಗತೊಡಗಿದಳು. ಹೊಸ ಬೂಟು, ಹೊಸ ಚೀಲ. ಸಂಜೆ ಬಂದವಳು ಚೀಲ ಎಸೆದು ಪಾತ್ರೆಗೇ ಕೈ ಹಾಕಿ ತಿನ್ನುತ್ತಿದ್ದಳು, ಯಾರೋ ಹಿಂದಿನಿಂದ ಅಟ್ಟಿಸಿಕೊಂಡು ಬಂದ ಹಾಗೆ. ಡಬ್ಬಿಯಲ್ಲಿ ಅರ್ಧ ಊಟ ಹಾಗೇ ಇರುತ್ತಿತ್ತು.

"ಊಟ ಮಾಡ್ಲಿಲ್ವಾ?"

"ಮಾಡ್ದೆ."

"ಯಾರ ಜೊತೆ ಕೂತ್ಕೊಂಡೆ?"

"ಗೋಡೆ ಜೊತೆ."

ಮನೆಮಂದಿಯೆಲ್ಲ ನಕ್ಕರು. ಅತ್ತೆ ಎಲ್ಲರಿಗಿಂತ ಜೋರು. "ಅಪ್ಪನ ಮಗಳೇ ಸರಿ! ಅವನೂ ದಿನಾ ಗೋಡೆ ಸಂದಿಗೇ ಬಾಯಿಟ್ಕೊಂಡು ಬಿದ್ದಿರ್ತಾನೆ." ಹುಡುಗಿ ನಗಲಿಲ್ಲ. ತಿನ್ನುವುದನ್ನು ಮುಂದುವರಿಸಿದಳು.

ಆ ಫೋನು ಬಂದಾಗ ಪಂಪು ಒಂದು ಹೋಟೆಲಿನ ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಮಲಗಿದ್ದ. ಶಾಲೆಯವರು. ಮಗಳು ಬೆಳಗಿನ ಬಿಡುವಿನಲ್ಲಿ ಕಿರುಚಿದ್ದಾಳೆ, ಕೂಡಲೇ ಬನ್ನಿ.

"ನನ್ನ ಮಗಳಾ? ಸರಿಯಾಗಿ ನೋಡಿ ಮೇಡಂ, ಬೇರೆ ಯಾರದೋ ಇರ್ಬೇಕು."

"ನಿಮ್ಮ ಮಗಳೇ."

ತೊಟ್ಟಿಯ ಕೆಳಗಿಂದ ಏಳುವಾಗ ತಲೆ ಕೊಳವೆಗೆ ಬಡಿದು ಬುಗುಟೆದ್ದಿತ್ತು. ಅದರ ಪರಿವೆಯಿಲ್ಲದೆ ನೇರ ನನ್ನ ಹತ್ತಿರ ಓಡಿ ಬಂದ. "ಅಣ್ಣಾ, ಶಾಲೆಲಿ ಬಾಯಿ ಬಿಟ್ಟಿದಾಳೆ! ಏಳಿ, ನೀವೂ ಬನ್ನಿ. ಖುಷಿಲಿ ನಾನು ಏನಾದ್ರೂ ಎಡವಟ್ಟು ಮಾತಾಡ್ಬಿಡ್ತೀನಿ." ಹೆಂಡತಿಯನ್ನು ಕಾರ್ಖಾನೆಯವರು ಬಿಡಲಿಲ್ಲ. ನಾವಿಬ್ಬರೇ ಹೋದೆವು. ದಾರಿಯುದ್ದಕ್ಕೂ ಅವನು ಒಬ್ಬನೇ ನಗುತ್ತಿದ್ದ.

ಮಗಳು ಪ್ರಿನ್ಸಿಪಾಲರ ಕೋಣೆಯ ಹೊರಗೆ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅಪ್ಪನನ್ನು ಕಂಡು ತಿರುಗಲು ಹೋದಳು, ಅಲ್ಲಿದ್ದ ಆಯಾ ಗದ್ದ ಹಿಡಿದು ಮತ್ತೆ ಗೋಡೆಗೆ ತಿರುಗಿಸಿದಳು. ನಾವು ಒಳಗೆ ಹೋದೆವು.

"ನೋಡಿ, ತಿನ್ನೋ ಹೊತ್ತಲ್ಲಿ ನಿಮ್ಮ ಮಗಳು ಕಿರುಚಿದ್ದಾಳೆ. ಹುಡುಗಿಯರ ಸಾಲು ಬಿಟ್ಟು ಹುಡುಗರ ಸಾಲಿಗೆ ಓಡಿದ್ದಾಳೆ. ಆಡಬಾರದ ಮಾತು ಬೇರೆ ಆಡಿದ್ದಾಳೆ."

"ಏನಂದ್ಲು ಮೇಡಂ?" ಪಂಪುವಿನ ಮುಖದಲ್ಲಿ ಹಬ್ಬ.

"ಅದನ್ನ ನಾನು ನನ್ನ ಬಾಯಲ್ಲಿ ಹೇಳಲ್ಲ."

"ಹೇಳಿ ಮೇಡಂ, ಒಂದೇ ಒಂದ್ಸಲ."

ಅವಳು ಇವನನ್ನು ದಿಟ್ಟಿಸಿ ನೋಡಿ, "ಕತ್ತೆ ಅಂದಿದ್ದಾಳೆ" ಅಂದಳು.

"ಒಬ್ಬರಿಗಾ, ಎಲ್ಲರಿಗಾ?"

"ಇಡೀ ತರಗತಿಗೆ ಕಣ್ರೀ!"

"ಅಬ್ಬಾ! ಇಡೀ ತರಗತಿಗೆ ಕೇಳೋ ಹಾಗೆ!" ಅಂತ ಅವನು ನನ್ನ ತೊಡೆಗೆ ಹೊಡೆದ.

ಯಾಕೆ ಅಂದಳು ಅಂತ ನಾನು ಕೇಳಿದೆ. ಪ್ರಿನ್ಸಿಪಾಲು ಅದೊಂದು ಲೆಕ್ಕಕ್ಕಿಲ್ಲದ ವಿಷಯ ಅನ್ನುವ ಹಾಗೆ ಕೈ ಬೀಸಿದಳು. "ಯಾವನೋ ಒಬ್ಬ ಹುಡುಗನಿಗೆ ಬಿಸ್ಕತ್ತು ಗಂಟಲಿಗೆ ಸಿಕ್ಕಿತ್ತಂತೆ. ಕೆಮ್ಮಿದ. ಮಕ್ಕಳು ಅಂದ್ಮೇಲೆ ಇದೆಲ್ಲ ಇದ್ದಿದ್ದೇ. ಇವಳು ಹೋಗಿ ಅವನ ಬೆನ್ನಿಗೆ ಗುದ್ದಿದ್ದಾಳೆ. ನೀರು ಕೊಡ್ರೋ ಕತ್ತೆಗಳಾ ಅಂತ ಕೂಗಾಡಿದ್ದಾಳೆ."

"ಟೀಚರ್ ಎಲ್ಲಿದ್ರು?"

"ಫೋನ್ ಬಂತು ಅಂತ ಹೊರಗೆ ಹೋಗಿದ್ರು."

"ಮಿಕ್ಕ ಮಕ್ಕಳು?"

"ಅವರು ಶಿಸ್ತಿನಿಂದ ಕೂತಿದ್ರು. ಒಬ್ಬರೂ ತಿರುಗಿ ನೋಡಿಲ್ಲ."

ಹೀಗೆಂದಾಗ ಅವಳ ದನಿಯಲ್ಲಿ ನಾಚಿಕೆಯಿರಲಿಲ್ಲ, ಜಂಬವಿತ್ತು. ಪಂಪುವಿನ ನಗು ಅರ್ಧದಲ್ಲೇ ನಿಂತಿತು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಗಂಟೆ ಹೊಡೆದ ಮೇಲೆ ಯಾವ ಶಾಲೆಯಲ್ಲಾದರೂ ಏಳಬೇಕಾದ ಗದ್ದಲ ಏಳಲಿಲ್ಲ. ಬೆಂಚು ಸರಿಸಿದ ಸದ್ದು, ಡಬ್ಬಿಯ ಮುಚ್ಚಳ ತೆಗೆದ ಸದ್ದು, ಅಷ್ಟೇ. ಪಂಪು ಎದ್ದ. ಯಾರನ್ನೂ ಕೇಳದೆ ಮಗಳ ತರಗತಿಯ ಕಿಟಕಿಯ ಹತ್ತಿರ ಹೋದ. ನಾನೂ ಹಿಂದೆಯೇ ಹೋದೆ.

ಹುಡುಗರೆಲ್ಲ ಎಡಗೋಡೆಗೆ ಮುಖ ಮಾಡಿ ಕೂತಿದ್ದರು. ಹುಡುಗಿಯರೆಲ್ಲ ಬಲಗೋಡೆಗೆ. ಬೆನ್ನಿಗೆ ಬೆನ್ನು. ಮಡಿಲಲ್ಲಿ ಡಬ್ಬಿ. ನಡುವೆ ಒಬ್ಬಳು ಟೀಚರು ಕೈಗಡಿಯಾರ ನೋಡಿಕೊಂಡು ಅಡ್ಡಾಡುತ್ತ, "ಬೇಗ, ಬೇಗ" ಅನ್ನುತ್ತಿದ್ದಳು. ಮಕ್ಕಳು ಅಗಿಯುತ್ತಿರಲಿಲ್ಲ, ತುರುಕಿಕೊಳ್ಳುತ್ತಿದ್ದರು. ತುರುಕಿದ್ದರಲ್ಲಿ ಅರ್ಧ ಬಾಯಿಗೆ, ಅರ್ಧ ನೆಲಕ್ಕೆ. ಒಂದು ಪುಟ್ಟ ಹುಡುಗಿ ಬಿದ್ದ ಮೊಟ್ಟೆಯ ಚೂರನ್ನು ಟೀಚರಿಗೆ ಕಾಣದಿರಲೆಂದು ಬೂಟಿನಿಂದ ಬೆಂಚಿನ ಕೆಳಗೆ ತಳ್ಳಿದಳು. ಎಲ್ಲರ ಕಣ್ಣೂ ಗೋಡೆಯ ಮೇಲೆ.

ಪಂಪು ಕಿಟಕಿಯ ಸರಳು ಹಿಡಿದುಕೊಂಡ. ಆಮೇಲೆ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡ. ಕೊಳೆತ ಹೆಗ್ಗಣವನ್ನು ಮೋರಿಯಿಂದ ಎಳೆದು ಹಾಕಿ, ಕೈ ತೊಳೆದು ಕೂತು ಊಟ ಮಾಡಿ ಬಂದವನು ಅವನು. ಎಂಥ ನಾತಕ್ಕೂ ಅವನ ಹೊಟ್ಟೆ ತೊಳೆಸಿದ್ದು ನಾನು ಕಂಡಿಲ್ಲ. ಆ ಒರೆಸಿ ಫಳಫಳ ಮಾಡಿಟ್ಟಿದ್ದ ಮೊಗಸಾಲೆಯಲ್ಲಿ ಅವನು ಹೂಕುಂಡದ ಮೇಲೆ ಬಗ್ಗಿ ಕಕ್ಕಿದ.

"ಛೀ! ಏನ್ರೀ ಇದು ಅಸಹ್ಯ!" ಅಂತ ಪ್ರಿನ್ಸಿಪಾಲು ಸೀರೆಯ ನೆರಿಗೆ ಎತ್ತಿಕೊಂಡು ಹಿಂದೆ ಸರಿದಳು.

ಅವನು ತೋಳಿನಿಂದ ಬಾಯಿ ಒರೆಸಿಕೊಂಡ. "ಒಂದು ಇಲಿ ಬೋನಿಗೆ ಬಿದ್ರೆ ಪಕ್ಕದಲ್ಲಿರೋ ಇಲಿ ಕಿರುಚುತ್ತೆ ಮೇಡಂ. ನಾನು ದಿನಾ ಕೇಳ್ತೀನಿ. ನೀವು ಮಕ್ಕಳಿಗೆ ಅಷ್ಟೂ ಬರದ ಹಾಗೆ ಮಾಡಿಟ್ಟಿದೀರಲ್ಲ."

"ಊಟದ ಹಾಲಲ್ಲಿ ಬಿಟ್ರೆ ಗಲಾಟೆ ಮಾಡ್ತಾರೆ ಕಣ್ರೀ. ಹುಡುಗ ಹುಡುಗಿ ಬೆರೀತಾರೆ. ಪೋಷಕರೇ ಕೇಳಿದ್ದು ಇದು. ಹಾಲ್ ಬೇಕಾದ್ರೆ ನೋಡಿ, ಚೆನ್ನಾಗೇ ಇಟ್ಟಿದೀವಿ."

ನಾನು ಹಾಲನ್ನೂ ನೋಡಿದೆ. ಗಾಜಿನ ಬಾಗಿಲಿನ ಹೊರಗಿಂದ. ಮೇಜಿನ ಮೇಲೆ ಪ್ಲಾಸ್ಟಿಕ್ ಹಣ್ಣುಗಳ ಬುಟ್ಟಿ. ಯಾರಾದರೂ ದೊಡ್ಡವರು ಶಾಲೆ ನೋಡಲು ಬಂದಾಗ, ಫೋಟೊ ತೆಗೆಸುವಾಗ ಬೀಗ ತೆಗೆಯುತ್ತಾರಂತೆ. ಬುಟ್ಟಿಯ ಮೇಲೆ ಧೂಳಿತ್ತು. ಜಿರಳೆಗೂ ಬೇಡವಾದ ಊಟದ ಮನೆ.

ಪಂಪು ಮಗಳ ಕೈ ಹಿಡಿದುಕೊಂಡು ಹೊರಟ. ಚೀಲ ತರಲು ತರಗತಿಗೆ ಹೋಗಬೇಕಿತ್ತು, ನಾನು ಹೋಗಿ ತಂದೆ. ನಾನು ಒಳಗೆ ಕಾಲಿಟ್ಟಾಗಲೂ ಒಂದು ಮಗುವೂ ತಿರುಗಲಿಲ್ಲ. ಮುಷ್ಕರ ಮುರಿಯಲು ಬಂದ ಲಾಠಿಯ ಮುಂದೆ ನಿಂತಿದ್ದೇನೆ, ಜೈಲಿನ ಊಟದ ಸಾಲಿನಲ್ಲಿ ನಿಂತಿದ್ದೇನೆ. ಅಲ್ಲಿಯೂ ಕೈದಿಗಳು ಹೊಸಬ ಯಾರು ಅಂತ ತಿರುಗಿ ನೋಡುತ್ತಾರೆ.

ಗೇಟಿನ ಹೊರಗೆ ಬಂದದ್ದೇ ತಡ, ಹುಡುಗಿಯ ಕಟ್ಟೆ ಒಡೆಯಿತು.

"ಅವನ ಮುಖ ನೀಲಿ ಆಗಿತ್ತಪ್ಪ! ಕೆಮ್ತಾನೇ ಇದ್ದ, ಆಮೇಲೆ ಕೆಮ್ಮೋದೂ ನಿಂತೋಯ್ತು. ಹಾಂ ಹಾಂ ಅಂತಿದ್ದ. ಯಾರೂ ನೋಡ್ತಿಲ್ಲ. ನೋಡಿದ್ರೆ ಹೊರಗೆ ನಿಲ್ಲಿಸ್ತಾರೆ. ನಾನು ಕಣ್ಣು ಮಾತ್ರ ಹೀಗೆ ತಿರುಗಿಸಿ ನೋಡ್ದೆ. ಆಮೇಲೆ ಕಣ್ಣಲ್ಲಿ ನೋಡಿದ್ರೆ ಸಾಕಾಗಲ್ಲ ಅನ್ನಿಸ್ತು."

ಅಪ್ಪ ರಸ್ತೆಯಲ್ಲೇ ಕುಕ್ಕರಗಾಲಿನಲ್ಲಿ ಕೂತು ಅವಳ ಮುಖ ನೋಡಿದ. ಅವಳು ಇನ್ನೂ ಮಾತಾಡುತ್ತಲೇ ಇದ್ದಳು. ಗುದ್ದಿದ್ದು ಎಲ್ಲಿಗೆ, ಬಿಸ್ಕತ್ತಿನ ಉಂಡೆ ಎಲ್ಲಿ ಹಾರಿ ಬಿತ್ತು, ಎಲ್ಲ. ಗೊಣ್ಣೆ ಸುರಿಯುತ್ತಿತ್ತು.

"ಅಣ್ಣಾ" ಅಂದ ಪಂಪು, ನನ್ನ ಕಡೆ ನೋಡದೆ. "ನಾನು ಶಾಲೆ ಅಂತ ನೋಡಿದ್ದೆಲ್ಲ ಖಾಲಿ ಕಟ್ಟಡ. ಮಕ್ಕಳಿರೋ ಶಾಲೆನ ಒಂದ್ಸಲಾನೂ ನೋಡೇ ಇಲ್ಲ. ಅವಸರಕ್ಕೂ ಚೂರು ಬೀಳುತ್ತೆ ಅಂತ ಹೊಳೀಲೇ ಇಲ್ಲ ನೋಡಿ."

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿಸಿಕೊಂಡಳು. ಒಳಗೆ ಹೋಗಿ ಮಗಳ ಆ ಶಾಲೆಯ ಅಂಗಿಯನ್ನು ಹರಿದು ನೆಲ ಒರೆಸುವ ಬಟ್ಟೆ ಮಾಡಿದಳು. ಅತ್ತೆ ಮಾತ್ರ ಮೊಮ್ಮಗಳನ್ನು ಎದೆಗವಚಿಕೊಂಡು, "ಕತ್ತೆ ಅನ್ನೋದು ನಾನು ಕಲ್ಸಿದ್ದು ಕಣ್ರೇ, ನೆನಪಿರ್ಲಿ" ಅಂದಳು.

ನನಗೆ ಇದನ್ನು ಹಾಗೇ ಬಿಡುವ ಮನಸ್ಸಿರಲಿಲ್ಲ. ಇಷ್ಟು ವರ್ಷ ಬೀದಿಯಲ್ಲಿ ಕೂತವನಿಗೆ ಗೊತ್ತಿರುವುದು ಒಂದೇ ವಿದ್ಯೆ, ಜನ ಸೇರಿಸುವುದು. ಮೊದಲು ಆ ಹುಡುಗನ ಅಪ್ಪನ ಹತ್ತಿರ ಹೋದೆವು. ಚಪ್ಪಲಿ ಅಂಗಡಿಯವನು. ನಾವು ಹೇಳಿದ್ದನ್ನೆಲ್ಲ ಕೇಳಿ, ಅಂಗಡಿಯ ಶಟರನ್ನು ಅರ್ಧ ಇಳಿಸಿ, ದನಿ ತಗ್ಗಿಸಿದ. "ಬದುಕಿದಾನಲ್ಲ ಸಾರ್, ಬಿಡಿ. ನಮ್ಮ ಹುಡುಗನಿಗೂ ಬೈದಿದಾರೆ, ಕೆಮ್ಮಿ ಶಿಸ್ತು ಕೆಡಿಸ್ದೆ ಅಂತ. ಆ ಸೀಟು ಸಿಗೋಕೆ ನಾನು ಯಾರ್ಯಾರ ಕಾಲು ಹಿಡಿದಿದೀನಿ ನಿಮಗೆ ಗೊತ್ತಿಲ್ಲ. ನೀವು ಬಂದಿದ್ದು ಅಲ್ಲಿ ಗೊತ್ತಾಗೋದು ಬೇಡ."

ಪಂಪುವಿಗೆ ಕುಡಿಯಲು ನೀರು ಕೂಡ ಕೊಡಲಿಲ್ಲ. ಮಗಳಿಗೆ ಒಂದು ಒಳ್ಳೆ ಮಾತು ಹೇಳಿ ಕಳಿಸಲಿಲ್ಲ.

ಬೇರೆ ತಾಯಂದಿರನ್ನು ಮಾತಾಡಿಸಿದೆವು. "ಊಟದ ಹೊತ್ತಲ್ಲಿ ಮಾತಾಡ್ದಿದ್ರೆ ಏನು ಸಾಯ್ತಾರಾ?" ಅಂದಳು ಒಬ್ಬಳು. ಸಾಯುತ್ತಿದ್ದ ಅಂತಲೇ ಹೇಳಲು ಬಂದಿದ್ದೇವೆ ತಾಯಿ ಅಂದೆ. "ನಮ್ಮವಳು ಹುಡುಗರ ಕಡೆ ನೋಡಲ್ಲ, ಅಷ್ಟು ಸಾಕು ನನಗೆ" ಅಂದು ಬಾಗಿಲು ಹಾಕಿಕೊಂಡಳು. ಗೇಟಿನ ಮುಂದೆ ಕೂರೋಣ ಅಂತ ಒಂದು ದಿನ ಗೊತ್ತು ಮಾಡಿದರೆ ಬಂದದ್ದು ನಾನು, ಪಂಪು, ಪಂಪುವಿನ ಹೆಂಡತಿ. ಮೂವರು ಕೂತರೆ ಧರಣಿ ಅನ್ನುವುದಿಲ್ಲ, ಬಸ್ಸಿಗೆ ಕಾಯುತ್ತಿದ್ದಾರೆ ಅನ್ನುತ್ತಾರೆ. ಪ್ರಿನ್ಸಿಪಾಲರ ಕಾರು ನಮ್ಮ ಮುಂದೆಯೇ ಹಾದು ಹೋಯಿತು. ಹಾರನ್ನು ಕೂಡ ಹೊಡೆಯಲಿಲ್ಲ.

ಆಳುವವರನ್ನು ಕಂಡು ನನಗೆ ಹೇಸಿಗೆಯಾಗಿದ್ದುಂಟು, ಅದು ಹಳೆಯ ಪರಿಚಯ. ಇದು ಬೇರೆ. ಮಗುವಿನ ಗಂಟಲಿಗೆ ಸಿಕ್ಕಿದ್ದನ್ನು ಅಪ್ಪನೇ ನುಂಗಿಕೊಳ್ಳುವುದನ್ನು ಕಂಡ ಹೇಸಿಗೆ. ಇದಕ್ಕೆ ಎದುರಾಗಿ ಯಾವ ಘೋಷಣೆ ಕೂಗುತ್ತೀರಿ? ಆ ಶಾಲೆ ಈಗಲೂ ತುಂಬಿ ತುಳುಕುತ್ತಿದೆ. ಔಷಧಿ ಹೊಡೆಯಲು ಬೇರೆಯವರನ್ನು ಇಟ್ಟುಕೊಂಡಿದ್ದಾರೆ.

ಪಂಪು ನನ್ನ ಹಾಗೆ ಕುದಿಯುತ್ತ ಕೂರಲಿಲ್ಲ. ಅವನಿಗೆ ಮಗಳಿದ್ದಳು. ಕೆಲಸವನ್ನು ಬೆಳಿಗ್ಗೆಗೂ ಸಂಜೆಗೂ ಹಂಚಿಕೊಂಡು, ಮಧ್ಯಾಹ್ನದ ಊಟದ ಹೊತ್ತಿಗೆ ಅವಳನ್ನು ಕರೆದುಕೊಂಡು ಒಂದೊಂದು ಶಾಲೆಯ ಕಾಂಪೌಂಡಿನ ಹೊರಗೆ ನಿಲ್ಲತೊಡಗಿದ. ಒಳಗೆ ಹೋಗುವುದಿಲ್ಲ, ಯಾರನ್ನೂ ಮಾತಾಡಿಸುವುದಿಲ್ಲ. ಮಕ್ಕಳು ತಿನ್ನುವುದನ್ನು ನೋಡುವುದು. ಒಂದು ಕಡೆ ಕಾವಲುಗಾರ ಇವನನ್ನು ಮಕ್ಕಳ ಕಳ್ಳ ಅಂತ ಹಿಡಿದ. "ಕಳ್ಳ ಸ್ವಂತ ಮಗಳನ್ನ ಜೊತೆಗೆ ಕರ್ಕೊಂಡು ಬರ್ತಾನೇನ್ರೀ?" ಅಂತ ಇವನು ಕೇಳಿದರೆ, "ಇದನ್ನ ಎಲ್ಲಿಂದ ಕದ್ದೆ ಅಂತಲೇ ಕೇಳ್ತಿರೋದು" ಅಂದನಂತೆ. ಮಗಳು ಅಪ್ಪನ ಹಿಂದೆ ಅಡಗಿಕೊಂಡು ತುಟಿ ಬಿಗಿದಿದ್ದಳು. ಅದನ್ನು ನನಗೆ ಹೇಳುವಾಗ ಅವನ ದನಿ ಕುಸಿದಿತ್ತು. "ಆವತ್ತೊಂದು ದಿನ ಬಾಯಿ ಬಿಟ್ಳು ಅಷ್ಟೇ ಅಣ್ಣ. ಗೇಟು ಕಂಡ್ರೆ ಮತ್ತೆ ಕಲ್ಲು."

ಕೊನೆಗೆ ರೈಲು ಹಳಿಯ ಆಚೆಗಿನ ಒಂದು ಶಾಲೆಗೆ ಹೋದಾಗ ನಾನೂ ಜೊತೆಗಿದ್ದೆ. ಬಣ್ಣ ಎದ್ದು ಹೋದ ಗೋಡೆ, ಸೊಟ್ಟಗಿನ ಗೇಟು. ಅಂಗಳದ ಚಪ್ಪರದಡಿ ಮಕ್ಕಳು ಕಲಸುಮೇಲೋಗರವಾಗಿ ಬಿದ್ದಿದ್ದರು. ಒಬ್ಬಳು ಡಬ್ಬಿಯ ಮುಚ್ಚಳದಿಂದ ಒಬ್ಬ ಹುಡುಗನ ತಲೆಗೆ ಬಡಿಯುತ್ತಿದ್ದಳು. ಅವನು ಅವಳ ಡಬ್ಬಿಯಿಂದ ಕದ್ದು ತಿನ್ನುತ್ತಿದ್ದ. ಟೀಚರು ಅವರ ನಡುವೆಯೇ ಕೂತು ಬಾಯಿ ತುಂಬ ಅನ್ನ ಇಟ್ಟುಕೊಂಡು ಇಬ್ಬರನ್ನೂ ಬೈಯುತ್ತಿದ್ದಳು. ಸ್ವರ್ಗವೇನಲ್ಲ. ಬಚ್ಚಲಿನ ನಾತ ಗೇಟಿನವರೆಗೂ ಬರುತ್ತಿತ್ತು. ಕಟ್ಟಡದ ವಂತಿಗೆ ಅಂತ ಇಲ್ಲಿಯೂ ಸುಲಿಯುತ್ತಾರೆ ಅಂತ ಆಮೇಲೆ ತಿಳಿಯಿತು. ಜೊತೆಗೆ ಬಿಟ್ಟಿ ಔಷಧಿ ಹೊಡೆದು ಕೊಡು ಅಂತಲೂ ಕೇಳಿದರು.

ಗೇಟಿನಲ್ಲಿ ಒಬ್ಬ ದಪ್ಪನೆಯ ಹೆಂಗಸು ಸ್ಟೂಲು ಹಾಕಿಕೊಂಡು ಕೂತಿದ್ದಳು. "ಏನು, ಆಗಿಂದ ನೋಡ್ತಾನೇ ಇದೀರಿ? ಯಾರು ಬೇಕು?"

ಪಂಪು ಗಂಟಲು ಸರಿಮಾಡಿಕೊಂಡ. "ಅದು... ಮಗಳಿಗೆ..."

"ಇಲ್ಲಿ ತಿನ್ನುವಾಗ ಆ ಕಡೆ ತಿರುಗಬಹುದಾ?"

ಕೇಳಿದ್ದು ಮಗಳು. ಅಪ್ಪನ ಅಂಗಿಯ ತುದಿ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ದನಿ ಸಣ್ಣದು, ಆದರೆ ಕೇಳಿಸಿತು.

"ಯಾವ ಕಡೆಗೆ?" ಅಂದಳು ಹೆಂಗಸು, ತಲೆಬುಡ ಅರ್ಥವಾಗದೆ.

"ಹುಡುಗ್ರ ಕಡೆಗೆ. ಯಾರಿಗಾದ್ರೂ ಏನಾದ್ರೂ ಆದ್ರೆ."

"ತಿರುಗೋದೇನು ಬಂತೇ ತಾಯಿ? ಇಲ್ಲಿ ಯಾರಾದ್ರೂ ನೆಟ್ಟಗೆ ಕೂತಿದಾರಾ ನೋಡು. ನನ್ನ ತಲೆ ಚಿಟ್ಟು ಹಿಡಿಸಿ ಇಟ್ಟಿದಾರೆ."

ಹುಡುಗಿ ಒಳಗೆ ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ಪಂಪು ಏನೋ ಹೇಳಲು ಹೋದ, ನಾನು ಅವನ ತೋಳು ಚಿವುಟಿದೆ.

"ನೀನು ಇಲ್ಲೇ ಇರು" ಅಂದಳು ಅವಳು ಅಪ್ಪನಿಗೆ. "ನಾನು ಹೋಗಿ ಕೇಳ್ಕೊಂಡು ಬರ್ತೀನಿ."

ಅಂಗಿಯ ತುದಿ ಬಿಟ್ಟು, ಸೊಟ್ಟ ಗೇಟಿನ ಸಂದಿಯಲ್ಲಿ ನುಸುಳಿ, ಅವಳು ಅನ್ನ ಅಗಿಯುತ್ತ ಬೈಯುತ್ತಿದ್ದ ಆ ಟೀಚರ ಹತ್ತಿರ ನಡೆದಳು.